ಮಳೆಯ ರೊಟ್ಟಿ, ಕಾಲುವೆಯ ಅನ್ನ, ಪಾತಾಳದ ನೀರು

ಕುಷ್ಟಗಿಯಿಂದ ಸಿಂಧನೂರಿಗೆ ಹೊರಟ ಬಸ್ಸು ತಾವರಗೇರಾ ದಾಟಿ ತುರ್ವಿಹಾಳದ ಕಡೆಗೆ ಸಾಗಿದಂತೆ ಕಿಟಕಿಯಾಚೆಯ ಹೊಲಗಳ ಬಣ್ಣ ಬದಲಾಗುತ್ತದೆ. ಹಿಂದೆ ಬಿಟ್ಟುಬಂದದ್ದು ಮಸಾರಿ ಮತ್ತು ಎರೆ ನೆಲ. ಅಲ್ಲಿ ಮಳೆ ಬಂದರೆ ಸಜ್ಜೆ, ಜೋಳ, ತೊಗರಿ, ಹೆಸರು, ಶೇಂಗಾ, ಮೆಕ್ಕೆಜೋಳ. ಮುಂದೆ ಕಾಣುವುದು ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ. ಅಲ್ಲಿ ನೀರು ಬಿಟ್ಟರೆ ಭತ್ತ. ಕನಕಗಿರಿಯ ದಾರಿ ಹಿಡಿದು ಗಂಗಾವತಿಗೆ ಇಳಿದರೂ ಇದೇ ನೋಟ. ಕೊಪ್ಪಳವೆಂಬ ಒಂದೇ ಜಿಲ್ಲೆಯೊಳಗೆ ಒಣಬೇಸಾಯದ ನಾಡು ಮತ್ತು ಭತ್ತದ ಕಣಜ ಎರಡೂ ಇವೆ. ಅವೆರಡರ ಅಂಚಿನಲ್ಲಿ ಕುಳಿತಿರುವ ಊರು ತಾವರಗೇರಾ.

ಕುಷ್ಟಗಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಈ ಊರಿಗೆ ಈಗ ಪಟ್ಟಣ ಪಂಚಾಯಿತಿಯ ಸ್ಥಾನವಿದೆ. ಕೊಪ್ಪಳ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ 600 ಮಿಲಿಮೀಟರ್ ಮುಟ್ಟುವುದಿಲ್ಲ. ಇಂಥ ಕಡೆ ಹವಾಮಾನ ಬದಲಾವಣೆಯ ಮಾತೆತ್ತಿದರೆ ಜನ ಮೊದಲು ಹೇಳುವುದು ಬಿಸಿಲಿನ ಮಾತು, ಆಮೇಲೆ ಮಳೆಯ ಮಾತು. ಎರಡೂ ನಿಜ. ಆದರೆ ಜಗತ್ತಿನ ಪರಿಸರದಲ್ಲಿ ಆಗುತ್ತಿರುವ ಏರುಪೇರು ಮನುಷ್ಯನ ಮೈಗೆ ಇಳಿಯಲು ಇನ್ನೆರಡು ದಾರಿಗಳಿವೆ, ಅವು ಬರಿಗಣ್ಣಿಗೆ ಕಾಣುವುದಿಲ್ಲ. ಒಂದು ತಟ್ಟೆಯ ಕಾಳು, ಇನ್ನೊಂದು ಕೊಡದ ನೀರು. ಎರಡನ್ನೂ ಕೂಡಿಸಿ ನೋಡಿದರೆ ಈ ಸೀಮೆಯ ಕಷ್ಟ ಬೇರೆಯಾಗಿ ಕಾಣುತ್ತದೆ. ಇಲ್ಲಿ ಆರೋಗ್ಯಕ್ಕೆ ಕುತ್ತು ತಂದಿರುವುದು ಊಟ ಕಡಿಮೆಯಾದದ್ದಕ್ಕಿಂತ ಊಟದ ಬಗೆಗಳು ಕಡಿಮೆಯಾದದ್ದು. ನೀರು ಕಡಿಮೆಯಾದದ್ದಕ್ಕಿಂತ ನೀರಿನ ಮೂಲ ಆಳಕ್ಕೆ ಇಳಿದದ್ದು.

ಗಾಳಿ ಬದಲಾದರೆ ಕಾಳು ಬದಲಾಗುತ್ತದೆ

ಕೈಗಾರಿಕೆಗಳು ಹುಟ್ಟುವ ಮುಂಚೆ ಗಾಳಿಯ ಪ್ರತಿ ಹತ್ತು ಲಕ್ಷ ಕಣಗಳಲ್ಲಿ ಇಂಗಾಲದ ಡೈಆಕ್ಸೈಡ್ ಪಾಲು ಸುಮಾರು 280 ಇತ್ತು. ಈಗ ಅದು 420 ದಾಟಿದೆ. ಈ ಅನಿಲ ಗಿಡಗಳ ಆಹಾರವೇ ಅಲ್ಲವೇ, ಹೆಚ್ಚಾದರೆ ಬೆಳೆ ಹುಲುಸಾಗಿ ಬರುತ್ತದಲ್ಲ ಎಂದು ವಾದಿಸುವವರಿದ್ದರು. ಹುಲುಸಾಗಿ ಬರುವುದು ನಿಜ. ಆದರೆ ಆ ಕಾಳಿನೊಳಗೆ ಏನಿದೆ ಎಂದು ಒಡೆದು ನೋಡಿದಾಗ ಕಥೆ ಬೇರೆಯಾಯಿತು.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಮೈಯರ್ಸ್ ಮತ್ತು ಸಂಗಡಿಗರು 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೂರು ಖಂಡಗಳ ಏಳು ಕಡೆ, ಬಯಲು ಹೊಲದಲ್ಲೇ ಬೆಳೆಯ ಸುತ್ತ ಕೊಳವೆ ಹಾಯಿಸಿ, ಈ ಶತಮಾನದ ಮಧ್ಯಭಾಗಕ್ಕೆ ಗಾಳಿಯಲ್ಲಿ ಎಷ್ಟು ಇಂಗಾಲದ ಡೈಆಕ್ಸೈಡ್ ಇರಬಹುದೋ ಅಷ್ಟನ್ನು ಹರಿಸಿ ಬೆಳೆದ ಕಾಳುಗಳ ಲೆಕ್ಕ ಅದರಲ್ಲಿತ್ತು. ಗೋಧಿಯಲ್ಲಿ ಸತು ಶೇ 9.3ರಷ್ಟು, ಕಬ್ಬಿಣ ಶೇ 5.1ರಷ್ಟು, ಪ್ರೋಟೀನ್ ಶೇ 6.3ರಷ್ಟು ಇಳಿದಿತ್ತು. ಅಕ್ಕಿಯಲ್ಲಿ ಸತು ಶೇ 3.3, ಕಬ್ಬಿಣ ಶೇ 5.2, ಪ್ರೋಟೀನ್ ಶೇ 7.8ರಷ್ಟು ಕಡಿಮೆಯಾಗಿತ್ತು. 2018ರಲ್ಲಿ ಬಂದ ಇನ್ನೊಂದು ಅಧ್ಯಯನ, ಇಂಥ ಗಾಳಿಯಲ್ಲಿ ಬೆಳೆದ ಅಕ್ಕಿಯಲ್ಲಿ ಬಿ ಗುಂಪಿನ ಕೆಲವು ಜೀವಸತ್ವಗಳೂ ಕುಸಿಯುತ್ತವೆ ಎಂದು ತೋರಿಸಿತು. ಫೋಲೇಟ್ ಅಂತೂ ಶೇ 30ರಷ್ಟು ಇಳಿದಿತ್ತು. ಬಸುರಿಯರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಬ್ಬಿಣದ ಜೊತೆ ಸೇರಿಸಿ ಕೊಡುವ ಗುಳಿಗೆಯಲ್ಲಿರುವುದು ಇದೇ ಜೀವಸತ್ವ.

ಹೀಗಾಗುವುದೇಕೆ? ಇಂಗಾಲ ಹೇರಳವಾಗಿ ಸಿಕ್ಕಾಗ ಗಿಡ ಪಿಷ್ಟವನ್ನು ಹೆಚ್ಚು ಹೆಚ್ಚು ಕಟ್ಟಿಕೊಳ್ಳುತ್ತದೆ. ನೆಲದಿಂದ ಬರುವ ಖನಿಜಗಳು ಅದೇ ವೇಗದಲ್ಲಿ ಏರುವುದಿಲ್ಲ. ಮಂದ ಮಜ್ಜಿಗೆಗೆ ನೀರು ಬೆರೆಸಿ ಇನ್ನಷ್ಟು ಲೋಟ ತುಂಬಿಸಿದಂತೆ, ಕಾಳಿನ ಗಾತ್ರ ಉಳಿದು ಸತ್ವ ತೆಳುವಾಗುತ್ತದೆ. ಜೊತೆಗೆ, ಬೇಕಾದಷ್ಟು ಇಂಗಾಲ ಸುಲಭವಾಗಿ ಸಿಗುವಾಗ ಗಿಡ ಎಲೆಯ ಸೂಕ್ಷ್ಮ ರಂಧ್ರಗಳನ್ನು ಪೂರ್ತಿ ತೆರೆಯುವುದಿಲ್ಲ. ಎಲೆಯಿಂದ ಆವಿಯಾಗುವ ನೀರು ಕಡಿಮೆಯಾದರೆ ಬೇರಿನಿಂದ ಮೇಲೆ ಬರುವ ನೀರೂ ಕಡಿಮೆ, ಅದರೊಂದಿಗೆ ಬರುವ ಖನಿಜವೂ ಕಡಿಮೆ.

ಶೇ 5 ಎಂಬುದು ಸಣ್ಣ ಅಂಕಿಯೇ. ಹಾಲು, ಹಣ್ಣು, ಮಾಂಸ ದಿನವೂ ತಿನ್ನುವವರಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಮೂರು ಹೊತ್ತೂ ಅನ್ನ-ಸಾರಿನಲ್ಲೇ ದಿನ ಕಳೆಯುವ ಮನೆಯಲ್ಲಿ ಅದೇ ಅಂಕಿ ದೊಡ್ಡದಾಗುತ್ತದೆ. ಏಕೆಂದರೆ ಆ ಮನೆಯವರಿಗೆ ಕಬ್ಬಿಣವಾಗಲಿ ಸತುವಾಗಲಿ ಬರುವುದೇ ಕಾಳಿನಿಂದ. ಕಾಳಿನ ಸತ್ವ ಹೀಗೆ ಇಳಿದರೆ 2050ರ ವೇಳೆಗೆ ಜಗತ್ತಿನಲ್ಲಿ ಹೊಸದಾಗಿ ಸುಮಾರು 17.5 ಕೋಟಿ ಜನ ಸತುವಿನ ಕೊರತೆಗೆ ಬೀಳಬಹುದು ಎಂದು 2018ರಲ್ಲಿ ಅಂದಾಜಿಸಲಾಯಿತು. ಅವರಲ್ಲಿ ಸುಮಾರು 5 ಕೋಟಿ ಜನ ಭಾರತದವರು. ಸತು ಕಡಿಮೆಯಾದ ಮಗುವಿಗೆ ಭೇದಿ, ನ್ಯುಮೋನಿಯಾ ಬೇಗ ಅಂಟುತ್ತವೆ, ಬೆಳವಣಿಗೆ ಕುಂಠಿತವಾಗುತ್ತದೆ.

ನಮ್ಮ ಕೊರತೆಯ ಲೆಕ್ಕವಂತೂ ಆ ದಿನ ಬರಲೆಂದು ಕಾಯುತ್ತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆಯಿದೆ. 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಇದು ಶೇ 47.8. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಇದು ರಾಜ್ಯದ ಸರಾಸರಿ. ಕೊಪ್ಪಳವೂ ಸೇರಿದ ಕಲ್ಯಾಣ ಕರ್ನಾಟಕದ ಸ್ಥಿತಿ ಸರಾಸರಿಗಿಂತ ಕೆಟ್ಟದು.

ಅದೇ 2014ರ ಅಧ್ಯಯನದಲ್ಲಿ ತಾವರಗೇರಾ ಸೀಮೆಗೆ ಸಂಬಂಧಿಸಿದ ಇನ್ನೊಂದು ಸಂಗತಿಯಿದೆ. ಜೋಳ ಮತ್ತು ಮೆಕ್ಕೆಜೋಳದಲ್ಲಿ ಈ ಕುಸಿತ ತೀರ ಕಡಿಮೆ. ಅಕ್ಕಿ, ಗೋಧಿ, ತೊಗರಿ, ಹೆಸರು ಇವು ಇಂಗಾಲವನ್ನು ಹಿಡಿಯುವ ರೀತಿಗೆ ವಿಜ್ಞಾನಿಗಳು ಸಿ-3 ಎನ್ನುತ್ತಾರೆ. ಜೋಳ, ಸಜ್ಜೆ, ನವಣೆ, ರಾಗಿಗಳ ರೀತಿಗೆ ಸಿ-4. ಈ ಎರಡನೆಯ ಗುಂಪಿನ ಗಿಡಗಳು ಎಲೆಯೊಳಗೇ ಇಂಗಾಲವನ್ನು ಒತ್ತಾಗಿ ಕೂಡಿಹಾಕಿಕೊಳ್ಳುವ ಏರ್ಪಾಡು ಮಾಡಿಕೊಂಡಿವೆ. ಹೊರಗಿನ ಗಾಳಿಯಲ್ಲಿ ಅದು ಹೆಚ್ಚಾದರೂ ಅವುಗಳ ಒಳಗಿನ ವ್ಯವಹಾರ ಅಷ್ಟಾಗಿ ಕದಲುವುದಿಲ್ಲ. ಸೆಕೆ ಮತ್ತು ನೀರಿನ ಅಭಾವದಲ್ಲಿ ಬದುಕುವ ಕಲೆಯೂ ಅವುಗಳದ್ದೇ. ಸಜ್ಜೆಯಂತೂ 40 ಡಿಗ್ರಿ ದಾಟಿದ ಬಿಸಿಲಿನಲ್ಲೂ ತೆನೆ ಕಟ್ಟಬಲ್ಲದು. ಮಳೆಯಾಶ್ರಿತ ರೈತ ತನ್ನ ಅನುಭವದಿಂದ ಆರಿಸಿಕೊಂಡ ಬೆಳೆ, ಬದಲಾದ ಗಾಳಿಗೂ ತಕ್ಕ ಬೆಳೆಯಾಗಿತ್ತು.

ಅಕ್ಕಿ ಬಂದ ದಾರಿ

1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ಕಾಲುವೆಗೆ ನೀರು ಹರಿದ ಮೇಲೆ ಗಂಗಾವತಿ, ಕಾರಟಗಿ, ಸಿಂಧನೂರು ಸೀಮೆ ಭತ್ತಕ್ಕೆ ತಿರುಗಿತು. ಅಕ್ಕಿ ಗಿರಣಿಗಳು ಎದ್ದವು. ಕಾಲುವೆ ಹರಿಯದ ಊರುಗಳಿಗೂ ಅಕ್ಕಿ ಬಂತು, ನ್ಯಾಯಬೆಲೆ ಅಂಗಡಿಯ ಚೀಲದಲ್ಲಿ. 2013ರ ಜುಲೈನಲ್ಲಿ ಅನ್ನಭಾಗ್ಯ ಆರಂಭವಾದ ಮೇಲೆ ಅದು ಬಡವರ ಮನೆಯ ಖಾಯಂ ಧಾನ್ಯವಾಯಿತು. ಇದನ್ನು ಹಳಿಯುವುದು ಹೊಟ್ಟೆ ತುಂಬಿದವರ ಚಟ. ಬರದ ವರ್ಷಗಳಲ್ಲಿ ಹಸಿದು ಮಲಗುವ ಭಯವನ್ನು ಆ ಚೀಲ ಓಡಿಸಿದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದಾಗ ಜನ ಹಸಿವಿನಿಂದ ಸಾಯಲಿಲ್ಲ. ಹಿಂದಿನ ಶತಮಾನದ ಬರಗಳನ್ನು ಕಂಡ ಈ ನೆಲದಲ್ಲಿ ಅದು ಸಣ್ಣ ಸಾಧನೆಯಲ್ಲ.

ಅಕ್ಕಿ ಅಡುಗೆಮನೆಯ ಹೆಣ್ಣುಮಕ್ಕಳ ಬೆನ್ನಿಗೂ ನೆರವಾಯಿತು. ಜೋಳ ಹಸನು ಮಾಡಿ, ಬೀಸಿಸಿಕೊಂಡು ಬಂದು, ಹಿಟ್ಟು ನಾದಿ, ಒಲೆಯ ಹೊಗೆಯಲ್ಲಿ ಕುಳಿತು ರೊಟ್ಟಿ ಬಡಿಯುವವರಿಗೇ ಗೊತ್ತು ಆ ಕಷ್ಟ. ಬೆಳಗಿನ ಜಾವ ಕೂಲಿಗೆ ಹೊರಡಬೇಕಾದವಳು ಕುಕ್ಕರ್ ಇಟ್ಟರೆ ಅವಳನ್ನು ದೂರುವಂತಿಲ್ಲ.

ಆದರೆ ಕಳೆದುಕೊಂಡದ್ದರ ಲೆಕ್ಕವನ್ನೂ ನೋಡಬೇಕು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಪಟ್ಟಿಯ ಪ್ರಕಾರ 100 ಗ್ರಾಂ ಸಜ್ಜೆಯಲ್ಲಿ ಸುಮಾರು 6.4 ಮಿಲಿಗ್ರಾಂ ಕಬ್ಬಿಣವಿದೆ, ಜೋಳದಲ್ಲಿ ಸುಮಾರು 4. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಕೂಡ ಇಲ್ಲ. ಸತು, ಪ್ರೋಟೀನ್‌ಗಳಲ್ಲೂ ಸಜ್ಜೆಯದೇ ಮೇಲುಗೈ. ನಾಳೆಯ ಗಾಳಿ ಅಕ್ಕಿಯ ಸತ್ವವನ್ನು ಶೇ 5ರಷ್ಟು ಕದಿಯಬಹುದು. ಸಜ್ಜೆ ರೊಟ್ಟಿಯ ಜಾಗಕ್ಕೆ ಅನ್ನ ಬಂದಾಗಲೇ ಕಬ್ಬಿಣದ ದೊಡ್ಡ ಪಾಲು ತಟ್ಟೆಯಿಂದ ಹೋಗಿಬಿಟ್ಟಿದೆ. ಹೊರಗಿನ ಬದಲಾವಣೆಗೆ ನಾವು ಒಳಗಿನಿಂದ ಬಾಗಿಲು ತೆಗೆದುಕೊಟ್ಟೆವು.

ಹೊಲದ ಕಡೆಯಿಂದಲೂ ಇದೇ ಆಯಿತು. ಸಜ್ಜೆಯ ನಡುನಡುವೆ ತೊಗರಿ, ಹೆಸರು, ಮಡಕಿ, ಅಲಸಂದಿ, ಗುರೆಳ್ಳು, ಪುಂಡಿ ಬೀಳುತ್ತಿದ್ದ ಅಕ್ಕಡಿ ಸಾಲಿನ ಬೇಸಾಯಕ್ಕೆ ಒಂದು ಲೆಕ್ಕಾಚಾರವಿತ್ತು. ಮುಂಗಾರಿ ಕೈಕೊಟ್ಟರೆ ಒಂದು ಹೋಗುತ್ತದೆ, ಇನ್ನೊಂದು ಉಳಿಯುತ್ತದೆ. ಉಳಿದದ್ದೆಲ್ಲ ಅಡುಗೆಮನೆಗೆ ಬರುತ್ತದೆ. ಈಗ ಮಳೆಯಾಶ್ರಿತ ಹೊಲಗಳಲ್ಲೂ ಮೆಕ್ಕೆಜೋಳ ಆವರಿಸಿದೆ. ಅದು ಲಾರಿ ಹತ್ತಿ ಕೋಳಿ ಆಹಾರದ ಕಾರ್ಖಾನೆಗೆ, ಪಿಷ್ಟದ ಕಾರ್ಖಾನೆಗೆ ಹೋಗುತ್ತದೆ. ಬೆಳೆದವರ ಹೊಟ್ಟೆಗೆ ಹೋಗುವುದು ಅಪರೂಪ. ರೊಕ್ಕ ಬರುತ್ತದೆ, ಆ ರೊಕ್ಕದಲ್ಲಿ ಬೇಳೆ ಕೊಳ್ಳಬಹುದು. ಆದರೆ ತೊಗರಿ ಬೇಳೆಯ ದರ ಏರಿದ ವರ್ಷ ಸಾರು ತೆಳುವಾಗುತ್ತದೆ. ಮನೆಯ ಹೊಲದಲ್ಲಿ ಬೆಳೆದ ಬೇಳೆಗೆ ಆ ಚಿಂತೆಯಿರಲಿಲ್ಲ.

ಕಾಲುವೆಯ ಅನ್ನವೂ ನಿಶ್ಚಿಂತೆಯದ್ದಾಗಿ ಉಳಿದಿಲ್ಲ. ತುಂಗಭದ್ರೆಯಲ್ಲಿ ಹೂಳು ತುಂಬಿ 133 ಟಿಎಂಸಿ ಅಡಿಯಷ್ಟಿದ್ದ ಸಂಗ್ರಹ ಸಾಮರ್ಥ್ಯ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ಇಡೀ ಸೀಮೆಯ ಊಟ ಎಷ್ಟು ತೆಳ್ಳನೆಯ ದಾರಕ್ಕೆ ಜೋತುಬಿದ್ದಿದೆ ಎಂಬುದು ಎಲ್ಲರಿಗೂ ಗೊತ್ತಾಯಿತು.

ಜೋಳವೊಂದೇ ಸಾಲದು

ಹಾಗಾದರೆ ಎಲ್ಲರೂ ಮತ್ತೆ ಜೋಳದ ರೊಟ್ಟಿಗೆ ಮರಳಿದರೆ ಆಯಿತೇ? ಸಿರಿಧಾನ್ಯದ ಮೇಳಗಳಲ್ಲಿ ಹೀಗೆಯೇ ಮಾತಾಡುತ್ತಾರೆ. ದಖ್ಖನ್ನಿನ ವೈದ್ಯಕೀಯ ಚರಿತ್ರೆ ಮಾತ್ರ ಅಷ್ಟು ಸರಳವಾಗಿಲ್ಲ.

1960ರಲ್ಲಿ ಹೈದರಾಬಾದಿನಲ್ಲಿ ಕೆಲಸ ಮಾಡುತ್ತಿದ್ದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಾಂತಯ್ಯ ಒಂದು ವಿಚಿತ್ರವನ್ನು ವರದಿ ಮಾಡಿದರು. ಮೈಮೇಲೆ ಬಿಸಿಲು ಬಿದ್ದ ಕಡೆಯೆಲ್ಲ ಚರ್ಮ ಕಪ್ಪಾಗಿ ಸುಲಿಯುವ, ಭೇದಿ ಮತ್ತು ಮಂಕು ತರುವ ಪೆಲಾಗ್ರಾ ರೋಗ ಮೆಕ್ಕೆಜೋಳ ತಿನ್ನುವ ದೇಶಗಳದ್ದು ಎಂದು ನಂಬಲಾಗಿತ್ತು. ಅದು ಜೋಳವನ್ನೇ ನಂಬಿದ ದಖ್ಖನ್ನಿನ ಬಡವರಲ್ಲೂ ಕಾಣಿಸಿಕೊಂಡಿತ್ತು. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲ ಇದಕ್ಕೆ ಕಾರಣವಿರಬಹುದು ಎಂದು ಅವರು ವಾದಿಸಿದರು. ರೋಗಕ್ಕೆ ತುತ್ತಾದವರು ರೊಟ್ಟಿಯ ಜೊತೆ ಬೇರೇನೂ ದಕ್ಕದ ಬಡವರು. ಕಾಳು, ತೊಪ್ಪಲು, ಮಜ್ಜಿಗೆ, ಶೇಂಗಾ ಹಿಂಡಿ ತಟ್ಟೆಯಲ್ಲಿದ್ದರೆ ಜೋಳದ ಆ ದೋಷ ಮುಚ್ಚಿಹೋಗುತ್ತಿತ್ತು.

ಎರಡನೆಯ ಪ್ರಸಂಗ 1995ರದ್ದು. ಕರ್ನಾಟಕ ಮತ್ತು ಆಂಧ್ರದ ದಖ್ಖನ್ ಹಳ್ಳಿಗಳಲ್ಲಿ ಜನ ಹೊಟ್ಟೆನೋವು, ಹೊಟ್ಟೆ ಗುಡುಗುಡು, ಭೇದಿಯಿಂದ ನರಳಿದರು. ಸಮೀಕ್ಷೆ ಮಾಡಿದ 50 ಹಳ್ಳಿಗಳಲ್ಲಿ 27ರಲ್ಲಿ ಇದು ಕಂಡಿತು. ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದಿದ್ದರು. ಕಟಾವಿನ ಹೊತ್ತಿಗೆ ಸುರಿದ ಅಕಾಲ ಮಳೆಯಲ್ಲಿ ಜೋಳ, ಮೆಕ್ಕೆಜೋಳದ ತೆನೆ ನೆನೆದು ಬೂಷ್ಟು ಹಿಡಿದಿತ್ತು. ಆ ಬೂಷ್ಟು ಹುಟ್ಟಿಸುವ ಫ್ಯುಮೋನಿಸಿನ್ ಎಂಬ ವಿಷ ಕಾಳಿನಲ್ಲಿ ಪತ್ತೆಯಾಯಿತು. ಒಳ್ಳೆಯ ಕಾಳನ್ನು ಮಾರಿಯೋ ಬಿತ್ತನೆಗೆ ಎತ್ತಿಟ್ಟೋ ಕಪ್ಪಾದ ಕಾಳನ್ನು ಮನೆಗೆ ಬಳಸುವುದು ಬಡತನದ ಹಳೆಯ ರೂಢಿ.

ಹವಾಮಾನ ಕೆಟ್ಟಷ್ಟೂ ಇಂಥ ಅಪಾಯ ಹೆಚ್ಚು. ಬೆಳೆಯುವಾಗ ಮಳೆ ಕೈಕೊಟ್ಟು, ರಾಶಿ ಮಾಡುವಾಗ ಸುರಿಯುವುದು ಈಚಿನ ವರ್ಷಗಳ ಸಾಮಾನ್ಯ ದೂರು. ಶೇಂಗಾ ಕಾಯಿ ಕಟ್ಟುವ ಹೊತ್ತಿನಲ್ಲಿ ಮಣ್ಣು ಬಿಸಿಯಾಗಿ ತೇವ ಇಂಗಿದರೆ, ನೆಲದಲ್ಲಿರುವಾಗಲೇ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಸೇರಿಕೊಂಡು ಅಫ್ಲಾಟಾಕ್ಸಿನ್ ಹುಟ್ಟುತ್ತದೆ. ಇದು ಯಕೃತ್ತಿಗೆ ಮಾರಕ. ಹುರಿದರೂ ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಮೇವಿನ ಮೂಲಕ ಹಾಲಿಗೂ ಇಳಿಯುತ್ತದೆ. ಹಿಂದೆ ಎರೆ ಸೀಮೆಯ ಊರುಗಳಲ್ಲಿ ಜೋಳವನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ ನೆಲದಡಿಯ ಹಗೇವಿನಲ್ಲಿ ಗಾಳಿಯಾಡದಂತೆ ಮುಚ್ಚಿಡುತ್ತಿದ್ದರು. ಹಗೇವುಗಳು ಮುಚ್ಚಿಹೋದವು. ಅವುಗಳ ಜಾಗದಲ್ಲಿ ಒಣಕಣವಾಗಲಿ ಗೋದಾಮಾಗಲಿ ಎಲ್ಲ ಊರಿಗೂ ಬರಲಿಲ್ಲ. ರಾಶಿ ರಸ್ತೆಯ ಮೇಲೆ ಒಣಗುತ್ತದೆ, ಮೋಡ ಕಂಡರೆ ತಾಡಪತ್ರಿ ಎಳೆಯಬೇಕು.

ಸಜ್ಜೆಯ ಕಬ್ಬಿಣದ ಬಗ್ಗೆಯೂ ಒಂದು ಎಚ್ಚರಿಕೆ ಬೇಕು. ಕಾಳಿನ ಸಿಪ್ಪೆಯಲ್ಲಿರುವ ಫೈಟೇಟ್ ಆ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಅದನ್ನು ಬಿಡಿಸಿ ರಕ್ತಕ್ಕೆ ಸೇರಿಸಲು ಸಿ ಜೀವಸತ್ವ ಬೇಕು. ನಮ್ಮ ಕಡೆಯವರು ರೊಟ್ಟಿಯ ಜೊತೆ ಹಕ್ಕರಕಿ, ಮೆಂತ್ಯೆ, ಉಳ್ಳಾಗಡ್ಡಿ ತೊಪ್ಪಲು, ಮೂಲಂಗಿಯನ್ನು ಹಸಿಯಾಗಿ ಕಚ್ಚಿ ತಿನ್ನುವುದರಲ್ಲಿ ಈ ವಿಜ್ಞಾನ ತಾನಾಗಿ ಅಡಗಿದೆ, ಏಕೆಂದರೆ ಬೇಯಿಸಿದರೆ ಸಿ ಜೀವಸತ್ವ ಬಹುಪಾಲು ನಾಶವಾಗುತ್ತದೆ. ಊಟದ ಬೆನ್ನಿಗೇ ಕುಡಿಯುವ ಚಹಾ ಮಾತ್ರ ಈ ಲಾಭವನ್ನು ಕೆಡಿಸುತ್ತದೆ. ರೊಟ್ಟಿಯನ್ನು ಉಳಿಸಿಕೊಂಡು ಪಲ್ಯವನ್ನೂ ತೊಪ್ಪಲನ್ನೂ ಕೈಬಿಟ್ಟರೆ ಉಳಿಸಿಕೊಂಡದ್ದು ಅರ್ಧ ಮಾತ್ರ.

ಕೊಡದ ನೀರು

ಇನ್ನು ನೀರಿನ ಕಥೆ. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಅಂತರ್ಜಲದಲ್ಲಿ ಫ್ಲೋರೈಡ್ ಇರುವುದು ಹೊಸ ಸುದ್ದಿಯೇನಲ್ಲ. ಇಲ್ಲಿನ ಗ್ರಾನೈಟ್ ಮತ್ತು ನೈಸ್ ಶಿಲೆಗಳ ಖನಿಜಗಳಲ್ಲಿಯೇ ಅದು ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಮೀರಿದರೆ ಮೊದಲು ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಪಟ್ಟೆ. ವರ್ಷಗಟ್ಟಲೆ ಕುಡಿದರೆ ಕೀಲು ಬಿಗಿತ, ಬೆನ್ನು ಬಾಗುವುದು, ಮೂಳೆ ವಿಕಾರ.

ಬಾವಿ ಮತ್ತು ಕೆರೆಯ ನೀರಿನ ಕಾಲದಲ್ಲಿ ಇದು ಇಷ್ಟು ಕಾಡುತ್ತಿರಲಿಲ್ಲ. ಮೇಲ್ಪದರದ ನೀರಿಗೆ ಪ್ರತಿ ಮಳೆಗಾಲದಲ್ಲಿ ಹೊಸ ನೀರು ಸೇರಿ ತಿಳಿಯಾಗುತ್ತಿತ್ತು. ಕೊಳವೆಬಾವಿ ನೂರಾರು ಅಡಿ ಕೆಳಗಿಳಿದಾಗ ಸಿಗುವುದು ಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತ ನೀರು. ಕಲ್ಲಿನ ಜೊತೆ ಹೆಚ್ಚು ದಿನ ಇದ್ದಷ್ಟೂ ಫ್ಲೋರೈಡ್ ಹೆಚ್ಚು ಕರಗಿರುತ್ತದೆ. ಹವಾಮಾನ ಇದಕ್ಕೆ ಎರಡು ಕಡೆಯಿಂದ ಒತ್ತು ಕೊಡುತ್ತದೆ. ವಾರಗಟ್ಟಲೆ ಜಿಟಿಜಿಟಿ ಹಿಡಿಯಬೇಕಾದ ಮಳೆ ಒಂದೆರಡು ದಿನದಲ್ಲಿ ಜಡಿದು ಹರಿದುಹೋದರೆ ನೆಲಕ್ಕೆ ಇಂಗುವುದು ಕಡಿಮೆ, ಬರದ ವರ್ಷ ಮೇಲೆತ್ತುವುದು ಹೆಚ್ಚು. ಇನ್ನೊಂದು ಕಡೆ, ಸೆಕೆ ಹೆಚ್ಚಿದಂತೆ ಮನುಷ್ಯ ಕುಡಿಯುವ ನೀರಿನ ಪ್ರಮಾಣವೇ ಹೆಚ್ಚುತ್ತದೆ. ಫ್ಲೋರೈಡಿನ ಅಪಾಯ ನಿಂತಿರುವುದು ಲೀಟರಿಗೆ ಎಷ್ಟಿದೆ ಎಂಬುದರ ಜೊತೆಗೆ ದಿನಕ್ಕೆ ಎಷ್ಟು ಲೀಟರ್ ಒಳಹೋಯಿತು ಎಂಬುದರ ಮೇಲೂ. ಬಿರುಬಿಸಿಲಿನಲ್ಲಿ ದುಡಿಯುವ ಕೂಲಿಯಾಳು, ಫ್ಯಾನಿನಡಿ ಕುಳಿತ ನೌಕರ ಒಂದೇ ಕೊಡದ ನೀರು ಕುಡಿದರೂ ಅವರ ಮೈಗೆ ಸೇರುವ ಪಾಲು ಬೇರೆ ಬೇರೆ.

ತಟ್ಟೆ ಮತ್ತು ಕೊಡ ಹೇಗೆ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ ಎಂಬುದಕ್ಕೆ ಕೃಷ್ಣೆಯ ಮೇಲಿನ ನಾಗಾರ್ಜುನಸಾಗರ ಅಣೆಕಟ್ಟೆಯ ಉದಾಹರಣೆಯಿದೆ. ಆ ಅಣೆಕಟ್ಟೆ 1967ರಲ್ಲಿ ಮುಗಿಯಿತು. 1970ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿನ ಫ್ಲೋರೈಡ್ ಪೀಡಿತ ಹಳ್ಳಿಗಳ ಹುಡುಗರಲ್ಲಿ ಮೊಣಕಾಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವ ಹೊಸ ವಿಕಾರವನ್ನು ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆಯ ವಿಜ್ಞಾನಿಗಳು ಗುರುತಿಸಿದರು. ಕಾಲುವೆ ಮತ್ತು ಜಲಾಶಯದ ಜಿನುಗಿನಿಂದ ನೆಲದಡಿಯ ನೀರು ಮೇಲೆದ್ದು ಮಣ್ಣಿನ ಕ್ಷಾರ ಹೆಚ್ಚಿತ್ತು. ಆ ಮಣ್ಣಿನಲ್ಲಿ ಬೆಳೆದ ಜೋಳದಲ್ಲಿ ಮಾಲಿಬ್ಡಿನಂ ಎಂಬ ಧಾತು ಏರಿತ್ತು. ಅದು ದೇಹದಿಂದ ತಾಮ್ರವನ್ನು ಹೊರಹಾಕಿ ಮೂಳೆಯನ್ನು ಸಡಿಲಗೊಳಿಸುತ್ತದೆ ಎಂಬುದು ಅವರ ವಿವರಣೆ. ಅಕ್ಕಿಯೂಟಕ್ಕಿಂತ ಜೋಳದೂಟದಲ್ಲಿ ಫ್ಲೋರೈಡ್ ಮೈಯಲ್ಲಿ ಹೆಚ್ಚು ಉಳಿಯುತ್ತದೆ ಎಂದೂ ಆ ಸಂಸ್ಥೆಯ ಪ್ರಯೋಗಗಳು ತೋರಿಸಿದವು. ಅಂದರೆ ಒಳ್ಳೆಯ ಕಾಳು ಕೆಟ್ಟ ನೀರಿನ ಸಂಗಡ ಸೇರಿದಾಗ ಒಳ್ಳೆಯದಾಗಿಯೇ ಉಳಿಯಲಿಲ್ಲ. ನೀರನ್ನು ಸರಿಪಡಿಸದೆ ಧಾನ್ಯದ ಗುಣಗಾನ ಮಾಡುವುದು ಅಪೂರ್ಣ.

ಕುಷ್ಟಗಿ, ಯಲಬುರ್ಗಾ ಭಾಗದ ಹಳ್ಳಿಗಳಿಗೆ ನಾರಾಯಣಪುರ ಜಲಾಶಯದಿಂದ ಕೃಷ್ಣೆಯ ನೀರು ತರುವ ಬಹುಗ್ರಾಮ ಯೋಜನೆಯ ಮಹತ್ವ ಇಲ್ಲಿದೆ. ನದಿಯ ನೀರು ಬಂದ ದಿನ ಫ್ಲೋರೈಡ್ ಸಮಸ್ಯೆ ಅರ್ಧ ಮುಗಿಯುತ್ತದೆ. ನಲ್ಲಿ ಒಣಗಿದ ದಿನ ಜನ ಮತ್ತೆ ಕೊಳವೆಬಾವಿಗೆ ಹೋಗುತ್ತಾರೆ, ಇಲ್ಲವೇ ನಾಣ್ಯ ಹಾಕಿ ಶುದ್ಧ ನೀರಿನ ಘಟಕದಿಂದ ತುಂಬಿಸಿಕೊಳ್ಳುತ್ತಾರೆ. ಘಟಕದ ಯಂತ್ರ ಕೆಟ್ಟರೆ ಅದೂ ಇಲ್ಲ. ನೀರು ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಎಂಬ ನಂಬಿಕೆ ತಪ್ಪು. ನೀರು ಆವಿಯಾಗಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಹಾಲು, ಮಜ್ಜಿಗೆಯ ಸುಣ್ಣದಂಶ ಮತ್ತು ಹಸಿ ತೊಪ್ಪಲು, ನಿಂಬೆ, ನೆಲ್ಲಿಯ ಸಿ ಜೀವಸತ್ವ ಚೆನ್ನಾಗಿರುವ ಮೈಯಲ್ಲಿ ಫ್ಲೋರೈಡಿನ ಹಾವಳಿ ಕಡಿಮೆ.

ವಾರಕ್ಕೊಮ್ಮೆ ನೀರು ಬರುವ ಊರಲ್ಲಿ ಡ್ರಮ್ಮು, ಸಿಮೆಂಟ್ ತೊಟ್ಟಿ, ಹಂಡೆಗಳಲ್ಲಿ ನೀರು ಹಿಡಿದಿಡುವುದು ಅನಿವಾರ್ಯ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂಥ ತಿಳಿನೀರಿನಲ್ಲೇ. ಮಳೆಯೇ ಇಲ್ಲದ ತಿಂಗಳಲ್ಲೂ ಒಣಸೀಮೆಯಲ್ಲಿ ಡೆಂಗಿ ಬರುವುದು ಹೀಗೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಗೊತ್ತುಮಾಡಿತು. ನಲ್ಲಿಯಲ್ಲಿ ದಿನವೂ ನೀರು ಕೊಡಲಾಗದ ವ್ಯವಸ್ಥೆಗೆ ದಂಡ ಹಾಕುವವರು ಯಾರು ಎಂದು ಜನ ಕೇಳಿದರೆ ಅದರಲ್ಲಿ ತಪ್ಪಿಲ್ಲ.

ಬಿಸಿಲು, ಗುಳೆ, ಕೂಸು

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆಯುತ್ತವೆ. ಬಿಸಿಲು ದೇಹಕ್ಕೆ ಕೆಟ್ಟದ್ದು ಎಂದು ಸರ್ಕಾರವೇ ಒಪ್ಪಿದ ಮಾತಿದು. ಉದ್ಯೋಗ ಖಾತ್ರಿಯಲ್ಲೂ ಬೇಸಿಗೆಯ ಕೆಲಸದ ಅಳತೆಗೆ ರಿಯಾಯಿತಿ ಕೊಡುತ್ತ ಬಂದಿದ್ದಾರೆ. ಇಟ್ಟಿಗೆ ಭಟ್ಟಿಗೆ, ಕಟ್ಟಡದ ಕೆಲಸಕ್ಕೆ ಹೋದವರಿಗೆ ಯಾವ ರಿಯಾಯಿತಿಯೂ ಇಲ್ಲ. ತೀವ್ರ ಸೆಕೆಯಲ್ಲಿ ದುಡಿಯುವ ಬಸುರಿಯರಲ್ಲಿ ಅವಧಿಗೆ ಮುನ್ನ ಹೆರಿಗೆ, ಕಡಿಮೆ ತೂಕದ ಕೂಸು ಹುಟ್ಟುವುದು ಹೆಚ್ಚು ಎಂದು ಜಗತ್ತಿನ ಹಲವೆಡೆಯ ಅಧ್ಯಯನಗಳು ಹೇಳಿವೆ. ಬೆವರಿನಲ್ಲಿ ಉಪ್ಪು-ನೀರು ಕಳೆದುಕೊಂಡು ಸಾಕಷ್ಟು ಕುಡಿಯದ ಮೈಗೆ ಮೂತ್ರಪಿಂಡದ ತೊಂದರೆ ಅಂಟುತ್ತದೆ. ಹೆಂಗಸರಂತೂ ಕೆಲಸದ ಜಾಗದಲ್ಲಿ ಶೌಚಾಲಯ ಇಲ್ಲವೆಂದೇ ನೀರು ಕುಡಿಯದೆ ಇರುತ್ತಾರೆ.

ಮಳೆ ತಪ್ಪಿದ ವರ್ಷ ಕುಷ್ಟಗಿ ತಾಲ್ಲೂಕಿನ ಹಳ್ಳಿಗಳಿಂದ ಬೆಂಗಳೂರು, ಮಂಗಳೂರು, ಗೋವಾ ಕಡೆಗೆ ಗುಳೆ ಹೆಚ್ಚುತ್ತದೆ. ಪೌಷ್ಟಿಕತೆಯ ದೃಷ್ಟಿಯಿಂದ ಗುಳೆ ಎಂದರೆ ಮಗು ಅಂಗನವಾಡಿಯ ಪಟ್ಟಿಯಿಂದ ಜಾರುವುದು, ಚುಚ್ಚುಮದ್ದಿನ ದಿನ ತಪ್ಪುವುದು, ಶಾಲೆಯ ಬಿಸಿಯೂಟ ಇಲ್ಲವಾಗುವುದು. ಊರಲ್ಲಿ ಅಜ್ಜ-ಅಜ್ಜಿಯ ಬಳಿ ಉಳಿದ ಮಗುವಿಗೆ ತಾಯಿ ದೂರ, ಜೊತೆಗೆ ಹೋದ ಮಗುವಿಗೆ ತಗಡಿನ ಶೆಡ್ಡು. ಮಳೆಯ ಕೊರತೆ ಮಗುವಿನ ತೂಕದ ಕೊರತೆಯಾಗುವ ದಾರಿ ಇಷ್ಟು ನೇರ.

ಕೈಗೆ ಸಿಗುವ ಕೆಲಸಗಳು

ಇಂಗಾಲದ ಲೆಕ್ಕವನ್ನು ತಾವರಗೇರಾ ಒಂದೇ ಬದಲಿಸಲಾರದು; ಆ ಹೊಗೆಯಲ್ಲಿ ಇಲ್ಲಿನವರ ಪಾಲೂ ಅತ್ಯಲ್ಪ. ಆದರೆ ತಟ್ಟೆ ಮತ್ತು ಕೊಡದ ವಿಷಯದಲ್ಲಿ ಮಾಡಬಹುದಾದದ್ದು ಬಹಳವಿದೆ. ಮಾಡಿ ಗೆದ್ದ ಉದಾಹರಣೆಗಳೂ ಇವೆ.

2021ರ ಡಿಸೆಂಬರ್‌ನಲ್ಲಿ ಕೊಪ್ಪಳವೂ ಸೇರಿದಂತೆ ಅಪೌಷ್ಟಿಕತೆ ಹೆಚ್ಚಿರುವ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗ ವಿರೋಧ ಎದ್ದಿತು. ಮೊಟ್ಟೆ ಬೇಕೇ ಬೇಕು ಎಂದು ಗಂಗಾವತಿಯ ವಿದ್ಯಾರ್ಥಿನಿಯೊಬ್ಬಳು ಗಟ್ಟಿಯಾಗಿ ಆಡಿದ ಮಾತಿನ ವಿಡಿಯೊ ನಾಡಿನಾದ್ಯಂತ ಹರಿದಾಡಿತು. ಮಕ್ಕಳ ತೂಕ ಏರಿದ್ದನ್ನು ಅಧ್ಯಯನ ತೋರಿಸಿತು, ಯೋಜನೆ ರಾಜ್ಯಕ್ಕೆಲ್ಲ ವಿಸ್ತರಿಸಿತು. 2025ರ ಅಕ್ಟೋಬರ್‌ನಲ್ಲಿ ಅನ್ನಭಾಗ್ಯದ ಹೆಚ್ಚುವರಿ 5 ಕಿಲೊ ಅಕ್ಕಿಯ ಬದಲು ತೊಗರಿ ಬೇಳೆ, ಎಣ್ಣೆ ಮುಂತಾದವುಗಳ ಕಿಟ್ ಕೊಡಲು ಸಚಿವ ಸಂಪುಟ ಒಪ್ಪಿತು. ಹೊಟ್ಟೆ ತುಂಬಿಸುವುದರಿಂದ ಮೈ ತುಂಬಿಸುವ ಕಡೆಗೆ ಇದು ಸರಿಯಾದ ಹೆಜ್ಜೆ.

ಮುಂದಿನ ಹೆಜ್ಜೆ ಸಜ್ಜೆ ಮತ್ತು ಜೋಳದ್ದಾಗಬೇಕು. ಕಬ್ಬಿಣಾಂಶ ಹೆಚ್ಚಿರುವ ‘ಧನಶಕ್ತಿ’ ಎಂಬ ಸಜ್ಜೆ ತಳಿ 2014ರಲ್ಲೇ ದೇಶಕ್ಕೆ ಬಿಡುಗಡೆಯಾಗಿದೆ. ಮಹಾರಾಷ್ಟ್ರದ ಶಾಲಾ ಮಕ್ಕಳಿಗೆ ಇಂಥ ಸಜ್ಜೆಯ ಭಾಕ್ರಿಯನ್ನು ಕೆಲವು ತಿಂಗಳು ಕೊಟ್ಟಾಗ ಅವರ ಮೈಯ ಕಬ್ಬಿಣದ ಸಂಗ್ರಹ ಸುಧಾರಿಸಿತು. ಉತ್ತರ ಕರ್ನಾಟಕದ ಪಡಿತರದಲ್ಲಿ ಜೋಳಕ್ಕೆ ಜಾಗವಿದೆ. ಖರೀದಿ ಸಾಲದಾದಾಗ ಆ ಜಾಗಕ್ಕೂ ಅಕ್ಕಿಯೇ ಬಂದು ಕೂರುತ್ತದೆ. ಬಿತ್ತನೆಗೆ ಮುಂಚೆಯೇ ಇಷ್ಟು ದರಕ್ಕೆ ಇಷ್ಟು ಕ್ವಿಂಟಲ್ ಸಜ್ಜೆ, ಜೋಳ ಕೊಳ್ಳುತ್ತೇವೆ ಎಂದು ಸಾರಿದರೆ ಮೆಕ್ಕೆಜೋಳದಿಂದ ಒಂದಿಷ್ಟು ಎಕರೆ ಮರಳಿ ಬರುತ್ತದೆ. ಹಾಸ್ಟೆಲ್ಲು, ಬಿಸಿಯೂಟ, ಅಂಗನವಾಡಿಗಳು ಆ ಕಾಳನ್ನು ಬಳಸಲಿ. ರೊಟ್ಟಿ ಬಡಿಯುವ ಕಷ್ಟವನ್ನು ಮಹಿಳಾ ಸಂಘಗಳ ರೊಟ್ಟಿ ಕೇಂದ್ರಗಳಿಗೆ ಸಂಬಳದ ಕೆಲಸವಾಗಿ ವಹಿಸಬಹುದು. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲ ಹಳ್ಳಿಗಳು ಲಕ್ಷಗಟ್ಟಲೆ ರೊಟ್ಟಿ ಬಡಿದು ಟ್ರ್ಯಾಕ್ಟರಿನಲ್ಲಿ ಕಳಿಸುತ್ತವೆ. ದಾಸೋಹಕ್ಕೆ ಆಗುವುದು ಶಾಲೆಗೆ ಏಕೆ ಆಗದು?

ನೀರಿನ ವಿಷಯದಲ್ಲಿ ಕುಷ್ಟಗಿಯ ಹತ್ತಿರದ ನಿಡಶೇಸಿ ಕೆರೆಯನ್ನು 2019ರಲ್ಲಿ ಜನರೇ ವಂತಿಗೆ ಹಾಕಿ ಹೂಳೆತ್ತಿದ್ದಾರೆ. ಅದೇ ವರ್ಷ ಗವಿಮಠದ ಗವಿಸಿದ್ಧೇಶ್ವರ ಸ್ವಾಮೀಜಿಯವರ ನೇತೃತ್ವದಲ್ಲಿ ಕೊಪ್ಪಳ ಭಾಗದ ಹಿರೇಹಳ್ಳವೂ ಹಸನಾಯಿತು. ಕೆರೆ ತುಂಬಿದರೆ ಸುತ್ತಲ ಮೇಲ್ಪದರದ ನೀರು ಏರುತ್ತದೆ, ಪಾತಾಳದ ನೀರಿನ ಹಂಗು ತಗ್ಗುತ್ತದೆ. ಹೂಳೆತ್ತುವ ಕೆಲಸವನ್ನು ಇನ್ನು ಮುಂದೆ ಆರೋಗ್ಯದ ಕೆಲಸವೆಂದೇ ಎಣಿಸಬೇಕು. ಪ್ರತಿ ಊರಿನ ಕುಡಿಯುವ ನೀರಿನ ಫ್ಲೋರೈಡ್ ಅಂಕಿಯನ್ನು ಬೇಸಿಗೆಗೊಮ್ಮೆ, ಮಳೆಗಾಲದ ನಂತರ ಒಮ್ಮೆ ಅಳೆದು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಸುವುದಕ್ಕೆ ದೊಡ್ಡ ಖರ್ಚಿಲ್ಲ. ಊರಿಗೊಂದು ಒಣಕಣ, ತೇವ ಅಳೆಯುವ ಯಂತ್ರ ಇದ್ದರೆ ಬೂಷ್ಟಿನ ವಿಷ ಮನೆಯ ಹೊಸ್ತಿಲಲ್ಲೇ ನಿಲ್ಲುತ್ತದೆ. ಗುಳೆ ಹೋದ ಕೂಸಿನ ಹೆಸರು ಹೋದ ಊರಿನ ಅಂಗನವಾಡಿಯಲ್ಲೂ ನಡೆಯುವಂತಾಗಬೇಕು.

ಕೃಷಿ ಇಲಾಖೆ ಇಳುವರಿ ನೋಡುತ್ತದೆ, ಆಹಾರ ಇಲಾಖೆ ಚೀಲ ಎಣಿಸುತ್ತದೆ, ನೀರು ಸರಬರಾಜಿನವರು ಪೈಪಿನ ಉದ್ದ ಅಳೆಯುತ್ತಾರೆ, ಆರೋಗ್ಯ ಇಲಾಖೆ ರಕ್ತಹೀನತೆಯ ಗುಳಿಗೆ ಹಂಚುತ್ತದೆ. ಇವೆಲ್ಲ ಒಂದೇ ದೇಹದೊಳಗೆ ಬಂದು ಕೂಡುತ್ತವೆ ಎಂಬುದನ್ನು ನೋಡುವವರು ಯಾರೂ ಇಲ್ಲ. ತಾಲ್ಲೂಕು ಮಟ್ಟದಲ್ಲಿ ಈ ನಾಲ್ವರನ್ನೂ ಒಂದೇ ಮೇಜಿನ ಮುಂದೆ ಕೂರಿಸಿ, ಊರೂರಿನ ನೀರಿನ ಅಂಕಿ, ಬೆಳೆಯ ಅಂಕಿ, ಮಕ್ಕಳ ತೂಕದ ಅಂಕಿಯನ್ನು ಒಂದೇ ಹಾಳೆಯಲ್ಲಿ ಓದಿಸುವ ಕೆಲಸ ಮೊದಲು ಆಗಬೇಕು. ಮುಂದಿನ ಗ್ರಾಮಸಭೆಯಲ್ಲಿ ಓದುಗರು ಎರಡು ಪ್ರಶ್ನೆ ಕೇಳಿದರೂ ಸಾಕು: ನಮ್ಮೂರ ಕೊಳವೆಬಾವಿಯ ಫ್ಲೋರೈಡ್ ಎಷ್ಟು? ನಮ್ಮ ಹೊಲದ ಸಜ್ಜೆ ನಮ್ಮ ಶಾಲೆಯ ಊಟಕ್ಕೆ ಬರುವುದು ಯಾವಾಗ?